ಗೋಡೆ ದಪ್ಪಗಿದೆಯೇ, ಬೀಗಿತ್ತಿಯವರೇ?

ಅಕ್ಟೋಬರ್ 5

ಬೀಗಿತ್ತಿಯವರಿಗೆ ನಮಸ್ಕಾರಗಳು.

ಇತ್ತ ಕ್ಷೇಮ, ಅತ್ತಲೂ ಹಾಗೇ ಎಂದು ನಂಬಿದ್ದೇನೆ. ಫೋನ್ ಇರುವಾಗ ಇವರೇಕೆ ಕಾಗದ ಬರೆಯುತ್ತಾರೆ ಎಂದುಕೊಳ್ಳಬೇಡಿ. ಫೋನಿನಲ್ಲಿ ಆಡಿದ ಮಾತು ಮಾರನೆಯ ದಿನವೇ ನಿಮ್ಮ ಮಗಳಿಗೂ ನನ್ನ ಮಗನಿಗೂ ತಲುಪುತ್ತದೆ, ಆಮೇಲೆ ಗಂಡ ಹೆಂಡತಿ ಸೇರಿ ನಮಗೆ ಬುದ್ಧಿ ಹೇಳಲು ಶುರು. ಇದು ಮೊದಲು ನಮ್ಮಿಬ್ಬರ ನಡುವೆ ಗಟ್ಟಿಯಾಗಲಿ.

ಹೋದ ತಿಂಗಳು ಮಕ್ಕಳ ಮನೆಯಲ್ಲಿ ನಾನು ಪಾತ್ರೆ ತೊಳೆದು ಕೊಡುತ್ತಿದ್ದಾಗ ನೀವು ಒರೆಸುತ್ತಾ ಅಂದಿರಿ: “ಚಳಿಗಾಲದಲ್ಲಿ ಸಮುದ್ರದ ಊರುಗಳಲ್ಲಿ ಬೇಸಿಗೆ ರಜಕ್ಕೆ ಬರೋರಿಗೆ ಕೊಡೋ ಮನೆಗಳೆಲ್ಲ ಖಾಲಿ ಬಿದ್ದಿರ್ತವೆ ಬೀಗಿತ್ತಿಯವರೇ. ಬಾಡಿಗೆ ಅರ್ಧಕ್ಕರ್ಧ ಕಡಿಮೆ. ಇಬ್ರೂ ಸೇರ್ಕೊಂಡು ಹೋದ್ರೆ ಆಗಲ್ವಾ?” ನಾನು ನಕ್ಕುಬಿಟ್ಟೆ. ಈಗ ನಗುವ ಹಾಗಿಲ್ಲ.

ಈ ಬೆಟ್ಟದ ಊರಿನ ಮಂಜು ನನ್ನ ಎದೆಗೆ ಆಗಿಬರುತ್ತಿಲ್ಲ. ಕಳೆದ ಚಳಿಗಾಲ ಆಸ್ಪತ್ರೆ ಸೇರಿದ್ದು ನಿಮಗೆ ಗೊತ್ತೇ ಇದೆ. ಡಾಕ್ಟರು ಈ ಸಲ ಮುಲಾಜಿಲ್ಲದೆ ಹೇಳಿದರು: “ಮಂಜು ಶುರುವಾಗೋ ಮುಂಚೆ ಕೆಳಗಿಳೀರಿ, ಸಮುದ್ರದ ಕಡೆ ಹೋಗಿ. ಬಿಸಿಲು ಬಂದ್ಮೇಲೆ ವಾಪಸ್ ಬನ್ನಿ.” ಮಗನಿಗೆ ತಿಳಿಸಿದೆ. ಅವನು, “ಸಮುದ್ರಾನೂ ಬೇಡ ಗಿಮುದ್ರಾನೂ ಬೇಡ ಅಮ್ಮಾ. ಒಬ್ಬಳೇ ಅಂತೂ ಹೋಗೋ ಹಾಗಿಲ್ಲ. ನವೆಂಬರ್ ಮುಗಿಯೋದ್ರೊಳಗೆ ವ್ಯಾನ್ ತರ್ತೀನಿ, ಹೊಲಿಗೆ ಮೆಷಿನ್ ಸಮೇತ ನಮ್ಮನೇಗೆ ಬಂದ್ಬಿಡು. ಅಂಗಡಿ ಕೊಂಡ್ಕೊಳ್ಳೋರನ್ನೂ ನೋಡಿದ್ದೀನಿ” ಎಂದ.

ಮಗ ಒಳ್ಳೆಯವನೇ, ನಿಮ್ಮ ಮಗಳು ಬಂಗಾರ. ಆದರೆ ಅಂಗಡಿ ಕೈಬಿಟ್ಟು ಅಲ್ಲಿ ಹೋಗಿ ಕೂತರೆ ವಾಪಸ್ ಬರುವುದು ಕನಸಿನ ಮಾತು. ನೋಡನೋಡುತ್ತಾ ನನ್ನ ಹೊಲಿಗೆ ಮೆಷಿನ್ ಮೇಲೆ ಹೂವಿನ ಕುಂಡ ಇಡುತ್ತಾರೆ. ಹರಿದದ್ದನ್ನು ಹೊಲಿದು, ಬಿಗಿಯಾದದ್ದನ್ನು ಬಿಚ್ಚಿ, ಉದ್ದವಾದದ್ದನ್ನು ಮಡಚಿ ಬದುಕಿದವಳು ನಾನು. ಕೂತು ತಿನ್ನುವುದು ನನಗೆ ಬರುವುದಿಲ್ಲ.

ಚಳಿಗಾಲವೊಂದನ್ನು ಬೇರೆಲ್ಲಾದರೂ ಕಳೆದುಬಂದರೆ ಅಂಗಡಿ ಉಳಿಯುತ್ತದೆ. ಒಬ್ಬಳ ಕೈಲಿ ಬಾಡಿಗೆ ಆಗದು, ಒಬ್ಬಳನ್ನೇ ಮಗ ಬಿಡ. ಅಂದು ನೀವು ಆಡಿದ್ದು ಮನಸಾರೆ ಆಡಿದ ಮಾತೋ, ಪಾತ್ರೆ ಒರೆಸುವ ಬೇಸರಕ್ಕೆ ಆಡಿದ್ದೋ? ಸಂಕೋಚವಿಲ್ಲದೆ ಬರೆಯಿರಿ.

ನಿಮ್ಮ ಅಳಿಯನ ತಾಯಿ

ಅಕ್ಟೋಬರ್ 10

ಬೀಗಿತ್ತಿಯವರಿಗೆ ನಮಸ್ಕಾರ.

ನಿಮ್ಮ ಕಾಗದ ಓದಿ ಕೂತವಳು ಎದ್ದು ನಿಂತೆ! ಬಸ್ಸಿನಲ್ಲಿ ಕಂಡಕ್ಟರ್ ಆಗಿ ದುಡಿದವಳು ನಾನು. ಹರಿದ ಟಿಕೆಟ್ಟನ್ನೂ ಆಡಿದ ಮಾತನ್ನೂ ವಾಪಸ್ ತೆಗೆದುಕೊಳ್ಳುವ ಅಭ್ಯಾಸವಿಲ್ಲ. ಹೋಗೋಣ. ಹಾಸಿಗೆ ಇದ್ದಷ್ಟೇ ಕಾಲು ಚಾಚೋಣ, ಆದರೆ ಹಾಸಿಗೆಯನ್ನು ಬಿಸಿಲಿರುವ ಕಡೆ ಹಾಸೋಣ.

ಊರು ನೋಡಿಬರುವ ಕೆಲಸ ನನಗೆ ಬಿಡಿ. ನಿವೃತ್ತರಿಗೆ ಕೊಡುವ ಬಸ್ ಪಾಸ್ ಇದೆ, ಖರ್ಚಿಲ್ಲ. ನೀವು ಆ ಎದೆ ಹೊತ್ತುಕೊಂಡು ಅಲೆಯಬೇಡಿ. ಊರು ಎಂಥದ್ದು ಎಂದು ತಿಳಿಯಲು ನನ್ನದೊಂದು ಲೆಕ್ಕವಿದೆ. ಮೊದಲು ಬಸ್ ಸ್ಟಾಂಡಿನಲ್ಲಿ ಕೂರುತ್ತೇನೆ. ಬಸ್ ತಡವಾದಾಗ ಜನ ಒಬ್ಬರಿಗೊಬ್ಬರು ಮಾತಾಡಿಕೊಂಡರೆ ಊರು ಒಳ್ಳೆಯದು. ಎಲ್ಲರೂ ಗಡಿಯಾರ ನೋಡುತ್ತಾ ನಿಂತರೆ ಮುಂದಿನ ಬಸ್ ಹತ್ತುವುದೇ ಮೇಲು.

ನಾನೂ ಹೇಗಿದ್ದರೂ ಈ ಬಾಡಿಗೆ ಕೋಣೆ ಬಿಡುವವಳಿದ್ದೆ. ಕಾರಣ ಏನೂ ದೊಡ್ಡದಲ್ಲ.

ನಿಮ್ಮ ಸೊಸೆಯ ತಾಯಿ

ಅಕ್ಟೋಬರ್ 19

ಬೀಗಿತ್ತಿಯವರಿಗೆ ನಮಸ್ಕಾರ.

ದೀಪಸ್ತಂಭದ ಊರಿಗೆ ಹೋಗಿ ಬಂದೆ. ನೋಡಲು ಚಿತ್ರ ಬರೆದ ಹಾಗಿದೆ. ಬಿಳಿ ಗೋಡೆ, ನೀಲಿ ಬಾಗಿಲು, ಒಂದೊಂದು ಕಿಟಕಿಯಲ್ಲೂ ಒಂದೊಂದು ಬೆಕ್ಕು. ಬಸ್ ಸ್ಟಾಂಡಿನಲ್ಲಿ ಮುದುಕರೊಬ್ಬರು ತಾವಾಗಿಯೇ ಜರುಗಿ ಜಾಗ ಕೊಟ್ಟರು. ಆದರೆ ಬೀದಿಗಳೆಲ್ಲ ಏರು. ಮನೆಗೆ ಹೋಗಬೇಕೆಂದರೆ ಮೆಟ್ಟಿಲ ಮೇಲೆ ಮೆಟ್ಟಿಲು. ನನಗೇ ಏದುಸಿರು ಬಂತು, ನಿಮಗೆ ಹೇಗೆ?

ಮನೆ ಎಂದರೆ ಒಂದೇ ಕೋಣೆ, ಅಕ್ಕಪಕ್ಕ ಎರಡು ಮಂಚ. ಮನೆಯ ಯಜಮಾನಿ ಹೆಮ್ಮೆಯಿಂದ ಹೇಳಿದಳು: “ಇಲ್ಲಿ ರಾತ್ರಿ ಸೂಜಿ ಬಿದ್ರೂ ಕೇಳಿಸ್ತದೆ ನೋಡಿ.” ನನಗೆ ಅದೂ ಅಷ್ಟು ಹಿಡಿಸಲಿಲ್ಲ. ಅತಿಯಾದ ನಿಶ್ಶಬ್ದ ಒಳ್ಳೆಯದಲ್ಲ, ಮನಸ್ಸಿಗೆ ಒಂಥರಾ ಆಗುತ್ತದೆ. ನೀವೇನಂತೀರಿ?

ನಿಮ್ಮ ಸೊಸೆಯ ತಾಯಿ

ಅಕ್ಟೋಬರ್ 24

ಬೀಗಿತ್ತಿಯವರಿಗೆ ನಮಸ್ಕಾರಗಳು.

ನೀವು ಪಟ್ಟ ಶ್ರಮಕ್ಕೆ ಏನು ಹೇಳಲಿ. ದೀಪಸ್ತಂಭದ ಊರು ಬೇಡವೇ ಬೇಡ. ಏರು ನನ್ನಿಂದಾಗದು, ಒಂದೇ ಕೋಣೆಯೂ ಸರಿಬಾರದು.

ಮುಂದಿನ ಮನೆಯಲ್ಲಿ ದಯವಿಟ್ಟು ಕಿಟಕಿಯ ಪರದೆ ನೋಡಿ. ಪರದೆಯ ಮಡಿಕೆ ಬಿಳಚಿಕೊಂಡಿದ್ದರೆ ಆ ಕೋಣೆಗೆ ದಿನವೆಲ್ಲ ಬಿಸಿಲು ಬರುತ್ತದೆಂದು ಅರ್ಥ, ಯಜಮಾನರನ್ನು ಕೇಳುವ ಅಗತ್ಯವಿಲ್ಲ. ಕೆಳ ಅಂಚಿನಲ್ಲಿ ಕಪ್ಪು ಚುಕ್ಕೆ ಇದ್ದರೆ ಗೋಡೆಗೆ ತೇವ ಹಿಡಿದಿದೆ. ಹಾಗೆಯೇ ಮಲಗುವ ಕೋಣೆಗಳ ನಡುವಿನ ಗೋಡೆ ಎಷ್ಟು ದಪ್ಪ ಎಂದೂ ನೋಡಿ. ಮರೆಯಬೇಡಿ.

ನಿಮ್ಮ ಅಳಿಯನ ತಾಯಿ

ಅಕ್ಟೋಬರ್ 24, ಸಂಜೆ
(ಇದನ್ನು ಕಳಿಸುವುದಿಲ್ಲ. ಬರೆದು ಮನಸ್ಸು ಹಗುರ ಮಾಡಿಕೊಳ್ಳುತ್ತೇನೆ, ಅಷ್ಟೆ.)

ಬೀಗಿತ್ತಿಯವರೇ, ಗೋಡೆಯ ದಪ್ಪ ಕೇಳಿದ್ದು ತೇವಕ್ಕಲ್ಲ. ನಾನು ಗೊರಕೆ ಹೊಡೆಯುತ್ತೇನೆ. ನಮ್ಮವರು ಬದುಕಿದ್ದಾಗ ಹಾಸಿಗೆ ಸುತ್ತಿಕೊಂಡು ಅಂಗಡಿಯಲ್ಲಿ ಮಲಗುತ್ತಿದ್ದರು. “ಇದು ಗೊರಕೆ ಅಲ್ಲ ಕಣೇ, ಮರ ಕೊಯ್ಯೋ ಕಾರ್ಖಾನೆ” ಎನ್ನುತ್ತಿದ್ದರು, ಪಾಪ.

ಬೇರೆ ಯಾರ ಮುಂದಾದರೂ ಹೇಳಿಕೊಂಡೇನು. ಬೀಗರ ಮುಂದೆ ಹೇಗೆ ಹೇಳಲಿ? ಮದುವೆ ಮಾತಿಗೆ ಬಂದಾಗ ನನ್ನ ಮಗನಿಗೆ ಒಂದು ಕೊರತೆ ಇಲ್ಲ, ನಮ್ಮ ಮನೆಯಲ್ಲಿ ಒಂದು ಗದ್ದಲ ಇಲ್ಲ ಎಂದು ತಲೆಯೆತ್ತಿ ಹೇಳಿದವಳು ನಾನು. ನಾಳೆ ಇವರು ತಮ್ಮ ಮಗಳಿಗೆ ಹೇಳಿ, ಅವಳು ನನ್ನ ಮಗನನ್ನು ನೋಡಿ ಕಿಸಕ್ಕನೆ ನಕ್ಕರೆ ನಾನು ಯಾವ ಮುಖ ಇಟ್ಟುಕೊಂಡು ಆ ಮನೆಗೆ ಹೋಗಲಿ?

ದಪ್ಪ ಗೋಡೆಯ ಮನೆ ಸಿಕ್ಕರೆ ಎಲ್ಲ ಸರಿಹೋಗುತ್ತದೆ.

ನವೆಂಬರ್ 2

ಬೀಗಿತ್ತಿಯವರಿಗೆ ನಮಸ್ಕಾರ.

ಸಿಕ್ಕಿತು! ಉಪ್ಪು ತಯಾರಿಸುವ ಊರು. ನೆಲವೆಲ್ಲ ಅಂಗೈಯಂತೆ ಸಮತಟ್ಟು, ಏರಿಲ್ಲ ಇಳಿವಿಲ್ಲ. ಡಾಕ್ಟರ ಮನೆ ಅದೇ ಬೀದಿಯಲ್ಲಿ. ಬಸ್ ಸ್ಟಾಂಡಿನಲ್ಲಿ ಒಬ್ಬಾಕೆ ನನ್ನ ಚೀಲ ತಾನೇ ಎತ್ತಿ ಒಳಗಿಟ್ಟಳು. ಪರದೆಯ ಮಡಿಕೆ ನೋಡಿದೆ, ಹಾಲಿನಷ್ಟು ಬಿಳಚಿದೆ. ಕಪ್ಪು ಚುಕ್ಕೆ ಹುಡುಕಿದರೂ ಇಲ್ಲ. ಕೋಣೆ ಎರಡು. ಬಾಡಿಗೆ ನಮ್ಮ ಕೈಗೆಟುಕುವಷ್ಟು.

ನಡುವಿನ ಗೋಡೆ ಎಂದರೆ, ಹಲಗೆ. ಒಂದೇ ಕೋಣೆಗೆ ಅಡ್ಡ ಹಲಗೆ ಹೊಡೆದು ಎರಡು ಮಾಡಿದ್ದಾರೆ. ನನಗೂ ಅದೊಂದು ಸ್ವಲ್ಪ ಯೋಚನೆ.

ದಾರಿಯಲ್ಲಿ ಬಂದರಿನ ಊರಿನಲ್ಲೂ ಇಳಿದಿದ್ದೆ. ಅಲ್ಲೊಂದು ಮನೆ ಎಲ್ಲಕ್ಕಿಂತ ಅಗ್ಗ. ಯಾಕೆಂದರೆ ಸಮುದ್ರ ಬಂದು ಮನೆಯ ಗೋಡೆಗೇ ಬಡಿಯುತ್ತದೆ. ಹಗಲೂ ಇಲ್ಲ ರಾತ್ರಿಯೂ ಇಲ್ಲ, ಧಡಾರ್, ಧಡಾರ್. ಬಂದವರು ಒಂದು ರಾತ್ರಿ ಇದ್ದು ಓಡಿಹೋಗುತ್ತಾರಂತೆ. ಅಲ್ಲಿ ಯಜಮಾನನ ಮಾತು ಕೇಳಲು ನಾನು ಕಿವಿಯನ್ನು ಅವನ ಬಾಯಿಯ ಹತ್ತಿರ ಇಡಬೇಕಾಯಿತು. ಅಂಥ ಕಡೆ ಗಂಡಿನ ತಾಯಿಯನ್ನು ಕರೆದುಕೊಂಡು ಹೋದರೆ ನನ್ನ ಮಗಳು ನನಗೆ ಉಗಿಯುತ್ತಾಳೆ. ಬರೀ ಸುದ್ದಿ ಎಂದು ಬರೆದೆ.

ಉಪ್ಪಿನ ಊರಿಗೆ ಹೂಂ ಎನ್ನಿ. ಮುಂಗಡ ಕೊಟ್ಟುಬಿಡುತ್ತೇನೆ.

ನಿಮ್ಮ ಸೊಸೆಯ ತಾಯಿ

ನವೆಂಬರ್ 7

ಬೀಗಿತ್ತಿಯವರಿಗೆ ನಮಸ್ಕಾರಗಳು.

ಉಪ್ಪಿನ ಊರು ಬಹಳ ಚೆನ್ನಾಗಿದೆ ಎನಿಸಿತು. ಆದರೆ ಆ ಹಲಗೆ. ನನ್ನದೊಂದು ಸಲಹೆ, ತಪ್ಪು ತಿಳಿಯಬೇಡಿ. ಆ ಬೀದಿಯಲ್ಲೇ ಎದುರುಬದುರಾಗಿ ಎರಡು ಸಣ್ಣ ಕೋಣೆ ಸಿಗಬಹುದೇ? ಹಗಲೆಲ್ಲ ಒಟ್ಟಿಗೇ ಇರೋಣ, ಅಡುಗೆ ಊಟ ಎಲ್ಲ ಜೊತೆಯಲ್ಲೇ. ಮಲಗುವುದು ಮಾತ್ರ ನೀವು ನಿಮ್ಮ ಪಾಡಿಗೆ, ನಾನು ನನ್ನ ಪಾಡಿಗೆ. ಬೀಗರು ಎಂದ ಮೇಲೆ ಸ್ವಲ್ಪ ಅಂತರ ಇದ್ದರೆ ಇಬ್ಬರಿಗೂ ಗೌರವ, ಅಲ್ಲವೇ?

ಇಲ್ಲಿ ಮಂಜು ಶುರುವಾಗಿದೆ. ಬೆಳಗ್ಗೆ ಅಂಗಡಿಯ ಬಾಗಿಲು ತೆಗೆಯುವಾಗ ಎದೆಯಲ್ಲಿ ಸಿಳ್ಳೆ ಕೇಳಿಸುತ್ತದೆ. ಬೇಗ ಬರೆಯಿರಿ.

ನಿಮ್ಮ ಅಳಿಯನ ತಾಯಿ

ನವೆಂಬರ್ 13

ಬೀಗಿತ್ತಿಯವರಿಗೆ.

ನಿಮ್ಮ ಕಾಗದ ಓದಿದೆ. ಎರಡು ಸಲ ಓದಿದೆ.

ಒಂದು ಕೋಣೆ ಎಂದಾಗ ಬೇಡ ಎಂದಿರಿ. ಸರಿ. ಹಲಗೆ ಎಂದಾಗಲೂ ಬೇಡ ಎಂದಿರಿ. ಈಗ ನಡುವೆ ಒಂದು ಬೀದಿಯೇ ಬೇಕು ಎನ್ನುತ್ತೀರಿ. ನನಗೆ ಅರ್ಥವಾಗದೆ ಇಲ್ಲ. ಬಸ್ಸಿನಲ್ಲಿ ಗಂಟಲು ಹರಿದುಕೊಂಡು ದುಡಿದವಳು ನಾನು, ನನ್ನ ರೀತಿನೀತಿ ನಿಮಗೆ ಹಿಡಿಸದೆ ಇರಬಹುದು. ಎಷ್ಟಾದರೂ ನೀವು ಗಂಡಿನ ಕಡೆಯವರು. ಎರಡು ಕೋಣೆ ಹಿಡಿದರೆ ಬಾಡಿಗೆಯೂ ಎರಡು, ಅದು ನಮ್ಮಿಬ್ಬರಿಗೂ ಆಗದ ಮಾತು ಎಂದು ನಿಮಗೂ ಗೊತ್ತು. ಬೇಡ ಎನ್ನುವುದನ್ನು ನೇರವಾಗಿಯೇ ಹೇಳಬಹುದಿತ್ತು.

ಉಪ್ಪಿನ ಊರಿನ ಮನೆಗೆ ಮುಂಗಡ ಕೊಟ್ಟಿಲ್ಲ. ನಿಮ್ಮ ಆರೋಗ್ಯ ನೋಡಿಕೊಳ್ಳಿ. ಇದನ್ನು ಮಾತ್ರ ಮನಸಾರೆ ಬರೆಯುತ್ತಿದ್ದೇನೆ.

ಸೊಸೆಯ ತಾಯಿ

ನವೆಂಬರ್ 23

ಬೀಗಿತ್ತಿಯವರೇ,

ಇಷ್ಟು ದಿನ ಪೆನ್ನು ಹಿಡಿಯುವುದು, ಕೆಳಗಿಡುವುದು. ಇದೇ ಆಯಿತು. ಇವತ್ತು ಮಗ ಫೋನ್ ಮಾಡಿದ್ದ. ಬರುವ ಭಾನುವಾರ ವ್ಯಾನ್ ತರುತ್ತಾನಂತೆ. “ಅಮ್ಮಾ, ಮೆಷಿನ್ ಅಗಲ ಎಷ್ಟು ಅಂತ ಅಳೆದು ಹೇಳು, ಹಾಲ್ ಮೂಲೇಲಿ ಹಿಡಿಯುತ್ತಾ ನೋಡ್ಬೇಕು” ಎಂದ. ಊರಿನವರ ಮೈ ಅಳತೆ ತೆಗೆದ ಟೇಪಿನಿಂದ ನನ್ನ ಮೆಷಿನ್ನಿನ ಅಳತೆ ತೆಗೆಯುತ್ತಾ ನಿಂತಾಗ ಅಳು ಬಂತು. ಇನ್ನು ಮಾನ ಹಿಡಿದುಕೊಂಡು ಕೂತರೆ ಅಂಗಡಿ ಹೋಗುತ್ತದೆ. ಹೋದರೆ ಮಾನವೇ ಹೋಗಲಿ.

ನಾನು ಗೊರಕೆ ಹೊಡೆಯುತ್ತೇನೆ. ಇಷ್ಟೇ ವಿಷಯ. ಸಣ್ಣಪುಟ್ಟ ಗೊರಕೆಯಲ್ಲ, ಪಕ್ಕದ ಮನೆಯವರು ಎದ್ದು ಕೂರುವಂಥದ್ದು. ಮಕ್ಕಳ ಮದುವೆಯ ಹಿಂದಿನ ರಾತ್ರಿ ಎಲ್ಲರೂ ಒಂದೇ ಕಡೆ ತಂಗಿದ್ದೆವಲ್ಲ, ಬೆಳಗ್ಗೆ ನಿಮ್ಮ ಕಡೆಯವರು “ಗಂಡಿನ ಸೋದರಮಾವ ಮೋಟಾರ್ ಜೊತೆಗೇ ತಂದಿದ್ದಾರೆ” ಎಂದು ಬಿದ್ದು ಬಿದ್ದು ನಕ್ಕರಲ್ಲ, ಆ ಮೋಟಾರ್ ನಾನು! ನನ್ನ ತಮ್ಮನಿಗೆ ಗೊರಕೆಯೇ ಇಲ್ಲ. “ಇರ್ಲಿ ಬಿಡಕ್ಕಾ, ಗಂಡಸಿಗೇನು” ಎಂದು ಅಪವಾದ ತನ್ನ ತಲೆಗೆ ಕಟ್ಟಿಕೊಂಡ. ಇವತ್ತಿಗೂ ನಿಮ್ಮ ಕಡೆ ಅವನನ್ನು ಮೋಟಾರ್ ಮಾವ ಎನ್ನುತ್ತಾರೆ. ಅವನು ಪಿಟ್ಟೆನ್ನದೆ ನಗುತ್ತಾನೆ.

ನಿಮ್ಮನ್ನು ಕೀಳಾಗಿ ಕಂಡೆನೆಂದು ಬರೆದಿರಿ. ಅಯ್ಯೋ ದೇವರೇ! ನಿಮ್ಮ ನಿದ್ದೆ ಕೆಟ್ಟು, ನಾಲ್ಕೇ ದಿನಕ್ಕೆ ನೀವು ಬಿಟ್ಟುಹೋಗುತ್ತೀರಿ ಎಂಬ ಭಯ ನನಗೆ. ಅದಕ್ಕೇ ಗೋಡೆ, ಅದಕ್ಕೇ ಬೀದಿ. ಬರದಿದ್ದರೂ ಪರವಾಗಿಲ್ಲ, ನಿಮ್ಮ ಮೇಲೆ ನನಗೆ ಪ್ರೀತಿ ಇಲ್ಲವೆಂದು ಮಾತ್ರ ತಿಳಿಯಬೇಡಿ.

ನಿಮ್ಮ ಬೀಗಿತ್ತಿ

ನವೆಂಬರ್ 27

ನನ್ನ ಬೀಗಿತ್ತಿಯವರೇ, ನನ್ನ ಅಮ್ಮಾ, ನನ್ನ ತಾಯೀ!

ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಯಿತು. ಪಾಪ ಆ ಮೋಟಾರ್ ಮಾವ! ಈ ಕಾಗದವನ್ನು ನಿಮ್ಮ ಊರಿಗೆ ಬರುವ ಬಸ್ಸಿನ ಡ್ರೈವರ್ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ನನ್ನ ಜೊತೆ ಕೆಲಸ ಮಾಡಿದವನು, ಅಂಗಡಿಗೇ ತಂದುಕೊಡುತ್ತಾನೆ. ಅಂಚೆ ನಂಬಿ ಕೂತರೆ ವ್ಯಾನ್ ಮೊದಲು ಬಂದುಬಿಡುತ್ತದೆ.

ಈಗ ನನ್ನದು ಕೇಳಿ. ನಾನು ನಿದ್ದೆಯಲ್ಲಿ ಬಸ್ ತುಂಬಿಸುತ್ತೇನೆ. ಹೌದು! ಕೆಲಸ ಬಿಟ್ಟ ಮೇಲೆ ಶುರುವಾಯಿತು. ಮಲಗಿದಲ್ಲೇ ಎದ್ದು ಕೂತು, “ಬಾಗಿಲಲ್ಲಿ ನಿಲ್ಬೇಡಿ, ಒಳಗೆ ಬನ್ನಿ, ಜಾಗ ಇದೆ!” ಎಂದು ಗಂಟಲು ಕಿತ್ತುಹೋಗುವ ಹಾಗೆ ಕೂಗುತ್ತೇನಂತೆ. ನನಗೆ ಗೊತ್ತೇ ಆಗುವುದಿಲ್ಲ. ಈ ಕಾರಣಕ್ಕೇ ಮನೆ ಮೇಲೆ ಮನೆ ಬಿಡಿಸಿದರು. ಈಗಿನ ಯಜಮಾನಿ ಒಳ್ಳೆಯ ಮಾತಿನಲ್ಲೇ ಹೇಳಿದಳು: “ನಮ್ಮ ಪುಟ್ಟ ಮಗು ಹೆದರ್ಕೊಳ್ಳುತ್ತೆ ಕಣಮ್ಮಾ, ಬೇರೆ ಕಡೆ ನೋಡ್ಕೊಳ್ಳಿ.” ಇದೇ ಆ ದೊಡ್ಡದಲ್ಲದ ಕಾರಣ. ಹೆಣ್ಣಿನ ತಾಯಿ ರಾತ್ರಿ ಹೊತ್ತು ಕೂಗುತ್ತಾಳೆ ಎಂದು ಗಂಡಿನ ಕಡೆಯವರಿಗೆ ತಿಳಿದರೆ ಹುಚ್ಚು ಎಂದುಕೊಳ್ಳುತ್ತೀರೇನೋ ಎಂದು ನಾನೂ ಬಾಯಿ ಹೊಲಿದುಕೊಂಡಿದ್ದೆ. ದೀಪಸ್ತಂಭದ ಊರಿನ ಆ ಸೂಜಿಯ ಮಾತು ಕೇಳಿಯೇ ನನಗೆ ಬೆವರು ಬಂದಿತ್ತು. ಆ ಹಲಗೆಯ ಯೋಚನೆಯೂ ಇದೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ, ನೀವು ಬೀದಿ ಕೇಳಿದಾಗ ಇವರಿಗೆ ಹೇಗೋ ಗೊತ್ತಾಗಿದೆ ಎಂದು ಉರಿದುಬಿದ್ದೆ.

ಈಗ ಬಂದರಿನ ಮನೆ ನೆನಪಿಸಿಕೊಳ್ಳಿ. ಧಡಾರ್, ಧಡಾರ್. ಯಾರೂ ಇರಲಾಗದ ಮನೆ, ಅದಕ್ಕೇ ಎಲ್ಲಕ್ಕಿಂತ ಅಗ್ಗ. ನಮಗೆಂದೇ ಕಟ್ಟಿಸಿ ಇಟ್ಟಿದ್ದಾರೆ! ಯಜಮಾನನಿಗೆ ಮುಂಗಡ ಕೊಟ್ಟೆ. “ರಾತ್ರಿ ಸದ್ದಿಗೆ ಆಮೇಲೆ ನನ್ನ ಬೈಬಾರ್ದು” ಎಂದ. “ನೀನೂ ನಮ್ಮನ್ನ ಬೈಬಾರ್ದು” ಎಂದೆ. ಪಾಪ, ಅವನಿಗೆ ಅರ್ಥವಾಗಲಿಲ್ಲ.

ವ್ಯಾನ್ ಬರಲಿ. ಮೆಷಿನ್ ಹತ್ತಿಸಿ. ಆದರೆ ಮಗನಿಗೆ ಹೇಳಿ, ಹೋಗಬೇಕಾದ್ದು ಸಮುದ್ರಕ್ಕೆ.

ಕಂಡಕ್ಟರ್

ಜನವರಿ 18, ಬಂದರಿನ ಮನೆ

ತಂಗೀ,

ನೀನು ಮಗಳ ಮನೆಗೆ ಹೋದ ಮೇಲೆ ಮನೆ ಬಿಕೋ ಎನ್ನುತ್ತಿದೆ. ಸಮುದ್ರ ಇಷ್ಟು ಗಲಾಟೆ ಮಾಡಿದರೂ ಬಿಕೋ ಎನ್ನುತ್ತಿದೆ ಎಂದರೆ ನೀನೇ ಲೆಕ್ಕ ಹಾಕು.

ಎದೆಯ ಸಿಳ್ಳೆ ನಿಂತಿದೆ. ಬೆಳಗ್ಗೆ ದೋಣಿ ಕಟ್ಟುವವರ ತನಕ ನಡೆದು ಬರುತ್ತೇನೆ. ಅವರ ಮೇಸ್ತ್ರಿ ನಿನ್ನೆ ಹರಿದ ಕೋಟು ತಂದುಕೊಟ್ಟ, ಇವತ್ತು ಅವನ ಹಿಂದೆಯೇ ಇನ್ನಿಬ್ಬರು ಬಂದರು. ಅಂಗಡಿ ನನ್ನ ಬೆನ್ನು ಬಿಡುವುದಿಲ್ಲ ನೋಡು. ಕಿಟಕಿಯ ಕೆಳಗೆ ಮೆಷಿನ್ ಇಟ್ಟುಕೊಂಡು ಬಿಸಿಲಿನಲ್ಲಿ ಕಾಲು ಆಡಿಸುತ್ತಾ ಕೂತರೆ ಎದ್ದೇಳಲು ಮನಸ್ಸಾಗುವುದಿಲ್ಲ. ಸುಖವಾಗಿದ್ದೇನೆ ಎಂದು ಬರೆಯಲು ನಾಚಿಕೆ, ಆದರೂ ಬರೆದೆ.

ಹೋದ ವಾರ ಮಗ ಬಂದು ಒಂದು ರಾತ್ರಿ ಉಳಿದಿದ್ದನಲ್ಲ, ಅವನ ಮುಖ ನೆನೆದು ಈಗಲೂ ನಗು ಬರುತ್ತದೆ. ಕಣ್ಣು ಕೆಂಪಗೆ ಮಾಡಿಕೊಂಡು ಎದ್ದು ಬಂದ. “ಅಮ್ಮಾ, ಆ ಕಡೆ ಸಮುದ್ರ, ಈ ಕಡೆ ನೀನು, ನಡುವೆ ಅತ್ತೆ ಬಸ್ ತುಂಬಿಸ್ತಿದ್ದಾರೆ. ಮನುಷ್ಯರು ಮಲಗೋ ಮನೆಯೇನಮ್ಮಾ ಇದು?” ಎಂದ. ಆಮೇಲೆ ನನ್ನ ಕೆನ್ನೆ ಮುಟ್ಟಿ, “ಮೈ ತುಂಬ್ಕೊಂಡಿದ್ದೀಯ” ಎಂದ. ಹೊರಡುವಾಗ ತಾನಾಗಿಯೇ ಹೇಳಿದ: “ಅಂಗಡಿ ಕೇಳಿದವರಿಗೆ ಇಲ್ಲ ಅಂದ್ಬಿಟ್ಟೆ.” ಬಸ್ ಹೋಗುವ ತನಕ ತಡೆದುಕೊಂಡಿದ್ದೆ, ಮನೆಗೆ ಬಂದು ಅತ್ತುಬಿಟ್ಟೆ. ನಿನಗೆ ಹೇಳಿರಲಿಲ್ಲ.

ಬೇಗ ಬಾ. ನಿನ್ನ ಕೂಗು ಇಲ್ಲದೆ ನಿದ್ದೆ ಮಧ್ಯೆ ಮಧ್ಯೆ ಒಡೆಯುತ್ತಿದೆ.

ಮೋಟಾರ್ ಅಕ್ಕ

ಮಾರ್ಚ್ 22

ಅಕ್ಕಾ,

ಅಂಗಡಿ ತೆರೆದೆಯಾ? ಬೆಟ್ಟದಲ್ಲಿ ಬಿಸಿಲು ಬಂತಾ?

ನಾನು ಸದ್ಯಕ್ಕೆ ಮಕ್ಕಳ ಮನೆಯ ಹಾಲ್‌ನಲ್ಲಿ ಮಲಗುತ್ತಿದ್ದೇನೆ. ಮೊನ್ನೆ ರಾತ್ರಿ ನನ್ನ ಕೂಗಿಗೆ ಅಳಿಯಂದಿರು ಎದ್ದು ಬಂದು, “ಅತ್ತೇ, ನಮ್ಮ ಸ್ಟಾಪ್ ಬಂತಾ?” ಎಂದರು. ಇಬ್ಬರೂ ಒಳ್ಳೆಯ ಮಕ್ಕಳು, ಒಂದು ಮಾತು ಆಡುವುದಿಲ್ಲ. ಆದರೆ ಬೆಳಗ್ಗೆ ಕೆಲಸಕ್ಕೆ ಹೋಗುವವರು. ಅದಕ್ಕೇ ಬಾಡಿಗೆಗೆ ಕೋಣೆ ಹುಡುಕುತ್ತಿದ್ದೇನೆ. ಊರ ಹೊರಗೆ ಒಂದು ನೋಡಿದೆ. ಅಕ್ಕಪಕ್ಕ ಯಾರೂ ಇಲ್ಲ, ಒಳ್ಳೆ ದಪ್ಪ ಗೋಡೆ. ಎಷ್ಟು ಕೂಗಿದರೂ ಯಾರಿಗೂ ಕೇಳಿಸುವುದಿಲ್ಲ. ಅನುಕೂಲವೇ. ಬೇಸರವೇನಿಲ್ಲ ಅಕ್ಕಾ, ಚೆನ್ನಾಗಿದ್ದೇನೆ. ಡಿಸೆಂಬರಿಗೆ ಬಂದರಿನ ಮನೆ ಇದ್ದೇ ಇದೆಯಲ್ಲ.

ಕಂಡಕ್ಟರ್

ಮಾರ್ಚ್ 26

ತಂಗೀ,

ಹೋದ ವರ್ಷ ನಿನ್ನ ಕಾಗದ ಓದಲು ನನಗೆ ಬರುತ್ತಿರಲಿಲ್ಲ. ಈಗ ಬರುತ್ತದೆ. “ಬೇಸರವೇನಿಲ್ಲ” ಎಂದು ಬರೆದಿದ್ದೀಯಲ್ಲ, ಆ ಸಾಲಿನಲ್ಲಿ ನನ್ನ ಸೂಜಿ ನಿಂತುಹೋಯಿತು. ಆ ಕೋಣೆಗೆ ಮುಂಗಡ ಕೊಡಬೇಡ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಗಿರಾಕಿಗಳು ಕೊಟ್ಟು ಮರೆತ ಬಟ್ಟೆಯ ರಾಶಿ ಇತ್ತು. ಬೇಕಾದವರಿಗೆ ಕೊಟ್ಟುಬಿಟ್ಟೆ. ಗುಡಿಸಿ, ಒರೆಸಿ, ಮಂಚ ಹಾಕಿಸಿದ್ದೇನೆ. ಕಿಟಕಿಗೆ ಹೊಸ ಪರದೆ ಹೊಲಿದೆ. ಪಕ್ಕದ ಮನೆಯವರು ನನ್ನ ಗೊರಕೆಗೆ ಎಂದೋ ಒಗ್ಗಿಹೋಗಿದ್ದಾರೆ, ನಿನ್ನ ಕೂಗಿಗೂ ಒಗ್ಗುತ್ತಾರೆ. ಮಂಜು ಬೀಳುವ ತನಕ ಇಲ್ಲಿರೋಣ, ಬಿದ್ದ ಮೇಲೆ ಇಬ್ಬರೂ ಸಮುದ್ರಕ್ಕೆ ಇಳಿಯೋಣ.

ನನ್ನ ಕೋಣೆಗೂ ಅದಕ್ಕೂ ನಡುವಿನ ಗೋಡೆಯನ್ನು ತಟ್ಟಿ ನೋಡಿದ್ದೇನೆ. ಬಹಳ ತೆಳುವಾಗಿದೆ, ಈ ಕಡೆ ಉಸಿರಾಡಿದರೆ ಆ ಕಡೆ ಕೇಳಿಸುತ್ತದೆ.

ಬಾಗಿಲಲ್ಲಿ ನಿಲ್ಲಬೇಡ. ಒಳಗೆ ಬಾ, ಜಾಗ ಇದೆ.

ನಿನ್ನ ಅಕ್ಕ